ಕಂದೀಲು ಆಟದ ಮೂರನೆಯ ಭಾಗ

ಐದರಲ್ಲಿ ಯಾವ ಭಾಗ ನಿಮಗೆ ಎಲ್ಲಕ್ಕಿಂತ ಇಷ್ಟ ಎಂದು ಕೇಳಿದ್ದರು, ಅಷ್ಟೇ. ಹಳೇ ಕಂಪ್ಯೂಟರ್ ಆಟಗಳ ಹುಚ್ಚು ಬಿಡದ ನಮ್ಮಂಥ ನಡುವಯಸ್ಸಿನವರು ಕೂಡಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಕಲಬುರಗಿಯವರು, ಹುಬ್ಬಳ್ಳಿಯವರು, ಮೈಸೂರಿನವರು ಇದ್ದಾರೆ. ಬೀದರ ಜಿಲ್ಲೆಯಿಂದ ನಾನೊಬ್ಬನೇ. ಕಳೆದ ಶ್ರಾವಣದಲ್ಲಿ ಯಾರೋ ಆ ಗುಂಪಿನಲ್ಲಿ ಮತದಾನ ಇಟ್ಟರು. ಒಬ್ಬ ಮನುಷ್ಯ ಕಂದೀಲು ಹಿಡಿದುಕೊಂಡು ನೆಲದಡಿಯ ಊರುಗಳಲ್ಲಿ ಅಲೆಯುವ ಹಳೆಯ ಸಾಹಸದ ಆಟವೊಂದಿದೆ, ಅದಕ್ಕೆ ಐದು ಭಾಗ. ಒಂದನ್ನು ಆರಿಸಿ, ಕಾರಣ ಬರೆಯಿರಿ ಅಂದರು. ಒಂದೇ ದಿನದಲ್ಲಿ ಎಲ್ಲರೂ ಮತ ಹಾಕಿದರು, ಜಗಳವನ್ನೂ ಆಡಿದರು. ನಾನು ಹಾಕಲಿಲ್ಲ. ಐದೂ ಭಾಗ ಮುಗಿಸಿದ ಗೌತಮ ಸರ್ ಅವರೇ ಸುಮ್ಮನಿದ್ದರೆ ಹೇಗೆ ಎಂದು ಮೈಸೂರಿನವರೊಬ್ಬರು ದಿನಾ ಚುಚ್ಚತೊಡಗಿದರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಹೊಸದೇನಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ, ನನ್ನನ್ನು ಕಂಡರೆ ಹುಡುಗರು ದಾರಿ ಬದಲಿಸುತ್ತಾರೆ. ಆದರೆ ಈ ಸಿಟ್ಟು ಆ ಪಾಪದ ಮನುಷ್ಯನ ಮೇಲಿನದಾಗಿರಲಿಲ್ಲ.

ಅದೇ ವಾರ ಕಾಲೇಜಿನ ಹಿಂದಿನ ಕೋಣೆಯೊಂದನ್ನು ಖಾಲಿ ಮಾಡಿಸುತ್ತಿದ್ದೆ. ಹಳೇ ಡಬ್ಬಿ ಮಾನಿಟರುಗಳು ಗೋಡೆಯುದ್ದಕ್ಕೂ ಒಂದರ ಮೇಲೊಂದು ಕೂತಿದ್ದವು. ಗುಜರಿಗೆ ಕೊಡುವ ಮೊದಲು ಸುಮ್ಮನೆ ಒಂದನ್ನು ಚಾಲೂ ಮಾಡಿ ನೋಡಿದೆ. ಹೊರಗೆ ಜಿಟಿಜಿಟಿ ಮಳೆ. ಪರದೆ ಕಾಯುತ್ತ ಹೋದ ಹಾಗೆ ಒಳಗಿನ ಧೂಳೂ ಕಾದು, ಒದ್ದೆ ಗೋಡೆಯ ವಾಸನೆಯ ಜೊತೆ ಬೆರೆತು ಮೂಗಿಗೆ ಬಂತು. ಕುರ್ಚಿ ಎಳೆದುಕೊಂಡು ಕೂತು ಕಣ್ಣು ಮುಚ್ಚಿದೆ. ನಮ್ಮ ಜವಾನ ಹತ್ತಿರ ಬಂದು ಬಿಪಿ ಏನ್ರಿ ಸರ ಎಂದು ಕೇಳಿದ. ಹೌದಪ್ಪ ಎಂದು ಸುಳ್ಳು ಹೇಳಿದೆ.

ಬಿಪಿ ಅಲ್ಲ. ಹದಿನೇಳು ವರ್ಷದ ಹಿಂದೆ ಇಂಥದೇ ಮಳೆಗಾಲದಲ್ಲಿ ನನ್ನ ಗೆಳೆಯ ಮಾಳಪ್ಪನ ಸಾವು ಶುರುವಾಯಿತು. ಮಳೆ ಹಿಂದೆ ಸರಿಯುವ ಹೊತ್ತಿಗೆ ಮುಗಿಯಿತು. ಆ ಸಾವಿಗೆ ಅವನ ತಾಯಿಯೇ ಕಾರಣ ಎಂದು ಊರು ಮಾತಾಡಿಕೊಂಡಿತು. ಆಕೆ ಅಲ್ಲ, ನಾನು ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಹೇಳಬೇಕಾದ ಜಾಗದಲ್ಲಿ ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹದಿನೇಳು ವರ್ಷ ಮಾಡಿದೆ.

ನಾವಿಬ್ಬರೂ ಔರಾದ ತಾಲೂಕಿನವರು. ನಾನು ಚಿಂತಾಕಿಯವನು, ಅಪ್ಪ ಶಾಲೆಯ ಮಾಸ್ತರು. ನಮ್ಮದು ದಲಿತ ಬೌದ್ಧರ ಮನೆ. ಅಂತ್ರ, ತಾಯತ, ಮಂತ್ರಿಸಿದ ನೀರು ಅಂದರೆ ಅಪ್ಪ ಉರಿದುಬೀಳುತ್ತಿದ್ದರು. ಮಾಳಪ್ಪ ಎಕಂಬಾದವನು. ತಲೆತಲಾಂತರದಿಂದ ಕುರಿ ಸಾಕುವ ಮನೆತನ, ಅದರಲ್ಲಿ ಹತ್ತನೇ ತರಗತಿ ದಾಟಿದ ಮೊದಲಿಗ ಅವನು. ಇಬ್ಬರೂ ಬೀದರಕ್ಕೆ ಡಿಪ್ಲೊಮಾ ಓದಲು ಬಂದು, ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಒಂದೇ ಕೋಣೆ ಹಿಡಿದಿದ್ದೆವು. ನಾನು ಮೊದಲ ಸಲ ಎಕಂಬಾಕ್ಕೆ ಹೋದಾಗ ಅವನ ತಾಯಿ ನಾಗವ್ವ ನನ್ನ ಊರು, ಓಣಿ, ಮನೆತನ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ತಿಳಿದುಕೊಂಡ ಮೇಲೂ ಮಗನ ಮಗ್ಗುಲಲ್ಲೇ ಕೂರಿಸಿ, ಅಂಥದೇ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹೀಗೆ ಬಡಿಸುವ ಮನೆಗಳು ನಮ್ಮ ಕಡೆ ಎಷ್ಟಿದ್ದವು ಎಂಬುದನ್ನು ನಾನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ. ಆ ಊಟದ ಋಣವನ್ನು ನಾನು ತೀರಿಸಿದ ರೀತಿ ಮುಂದೆ ಹೇಳುತ್ತೇನೆ.

ನಮ್ಮ ಓಣಿಯ ತುದಿಯಲ್ಲಿ ಕಡಿದಾದ ಮೆಟ್ಟಿಲು ಹತ್ತಿದರೆ ಖಾದರ್ ಭಾಯಿಯ ಕಂಪ್ಯೂಟರ್ ಸೆಂಟರ್. ಬೆಳಿಗ್ಗೆ, ಸಂಜೆ ಟೈಪಿಂಗ್ ಕಲಿಯುವವರ ಗದ್ದಲ. ಮಧ್ಯಾಹ್ನ ಖಾದರ್ ಭಾಯಿ ನಮಾಜು, ಊಟ, ಒಂದು ಸಣ್ಣ ನಿದ್ದೆ ಎಂದು ಮನೆಗೆ ಹೋದಾಗ ಅಂಗಡಿ ಕಾಯುವುದು ನಮ್ಮ ಕೆಲಸ. ಅದಕ್ಕೆ ಬದಲಾಗಿ ಮೂಲೆಯ ಹಳೇ ಯಂತ್ರ ನಮ್ಮ ಕೈಗೆ. ಹೈದರಾಬಾದಿನಿಂದ ಕೊಂಡು ತಂದಾಗಲೇ ಅದರೊಳಗೆ ಈ ಆಟದ ಐದೂ ಭಾಗ ಇದ್ದವಂತೆ. ಇಂಗ್ಲಿಷ್ ಹೆಸರು ಉದ್ದವಾಗಿತ್ತು, ನಮ್ಮ ನಾಲಿಗೆಗೆ ಹತ್ತಲಿಲ್ಲ. ಕಂದೀಲು ಆಟ ಎಂದೇ ಕರೆದೆವು.

ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ನೀವು ಎಲ್ಲಿದ್ದೀರಿ, ಎದುರಿಗೆ ಏನಿದೆ ಎಂದು ಪರದೆ ಹೇಳುತ್ತದೆ; ಏನು ಮಾಡಬೇಕೆಂದು ನೀವು ಇಂಗ್ಲಿಷಿನಲ್ಲಿ ಬರೆಯಬೇಕು. ಬಾಗಿಲು ತೆಗೆ. ಹಗ್ಗ ತಗೋ. ಬಾವಿಗೆ ಇಳಿ. ನಮ್ಮಿಬ್ಬರ ಇಂಗ್ಲಿಷು ಅಷ್ಟಕ್ಕಷ್ಟೇ, ಹೀಗಾಗಿ ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡೇ ಆಡುತ್ತಿದ್ದೆವು. ನಾನು ಪ್ರತಿ ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕನ್ನಡ ಬರೆಯುತ್ತಿದ್ದೆ. ಇವತ್ತು ನನಗೆ ನೌಕರಿ ಕೊಟ್ಟ ಇಂಗ್ಲಿಷು ಆ ನೋಟ್‌ಬುಕ್ಕಿನದು. ಮಾಳಪ್ಪನಿಗೆ ಅದರ ಗೊಡವೆ ಇರಲಿಲ್ಲ. ಮೊದಲನೆಯ ಭಾಗದಲ್ಲಿ ಎಲ್ಲ ಕೋಣೆಗಳೂ ಒಂದೇ ಥರ ಕಾಣುವ ಒಂದು ಜಾಗವಿದೆ, ಒಳಗೆ ಹೊಕ್ಕರೆ ಹೊರಗೆ ಬರುವ ದಾರಿ ಗೊತ್ತಾಗುವುದಿಲ್ಲ. ನಾನು ಹತ್ತು ದಿನ ಸುತ್ತಿ ತಲೆ ಚಿಟ್ಟುಹಿಡಿದು ಕೈಬಿಟ್ಟಿದ್ದೆ. ಅವನು ಒಂದು ಕೋಣೆಯಲ್ಲಿ ಚಾಕು ಇಟ್ಟ, ಮುಂದಿನದರಲ್ಲಿ ಹಗ್ಗ, ಅದರ ಮುಂದಿನದರಲ್ಲಿ ರೊಟ್ಟಿಯ ತುಂಡು. ಒಂದು ಮಧ್ಯಾಹ್ನದಲ್ಲಿ ಹೊರಗೆ ಬಂದುಬಿಟ್ಟ. ಕುರಿಗೆ ಬಣ್ಣ ಹಚ್ಚುವುದಿಲ್ಲವೇನೋ, ಗುರುತು ಮಾಡದೆ ಹುಡುಕುತ್ತೀಯಲ್ಲ ಎಂದು ನನ್ನನ್ನು ಎರಡು ದಿನ ಆಡಿಕೊಂಡ.

ಯಾವ ಭಾಗ ಚೆನ್ನ ಎಂಬ ಜಗಳ ನಮಗೂ ಇತ್ತು. ಐದನ್ನೂ ಒಂದೊಂದು ಸಲ ತೆರೆದು ನೋಡಿ, ಮುಗಿಸುವ ಮೊದಲೇ ತೀರ್ಪು ಕೊಟ್ಟಿದ್ದೆವು. ಅವನಿಗೆ ಎರಡನೆಯದು. ಅದು ತಮಾಷೆಯ ಆಟ. ತಪ್ಪು ಮಾಡಿದರೆ ಒಬ್ಬ ಮುದುಕ ಬಂದು, ಬೈದು, ಕೈಹಿಡಿದು ಮೊದಲಿನ ಬಾಗಿಲಿಗೆ ಬಿಟ್ಟುಹೋಗುತ್ತಾನೆ.

"ಎರಡನೇದೇ ಛಲೋ ನೋಡು," ಅನ್ನುತ್ತಿದ್ದ. "ಅದ್ರಾಗ ಯಾರೂ ಸಾಯಂಗಿಲ್ಲ."

ಸಾಯದ ಆಟ ಒಂದು ಆಟವೇ, ಅಂಗನವಾಡಿಗೆ ಹೋಗಿ ಕೂಡು ಎಂದು ನಾನು ಅವನನ್ನು ಕಾಡುತ್ತಿದ್ದೆ. ನನಗೆ ಮೂರನೆಯದು. ಮೂರನೆಯದರಲ್ಲಿ ಗುಹೆಯೊಳಗೆ ಹಾವು ಕಚ್ಚುತ್ತದೆ. ಕಚ್ಚಿದ ಮೇಲೆ ಒಬ್ಬ ಹಕೀಮ ಹಸಿರು ಔಷಧಿ ಕೊಡುತ್ತಾನೆ, ಗುಡ್ಡದ ಮುದುಕಿಯೊಬ್ಬಳು ಬಿಳಿ ಔಷಧಿ ಕೊಡುತ್ತಾಳೆ. ಯಾವುದಾದರೂ ಒಂದನ್ನು ಕುಡಿದರೆ ಬದುಕುತ್ತೀರಿ. ಎರಡೂ ಕುಡಿದರೆ ಆಗ ಏನೂ ಆಗುವುದಿಲ್ಲ. ಆಟ ನಡೆಯುತ್ತಲೇ ಇರುತ್ತದೆ, ಬಾಗಿಲುಗಳು ತೆರೆಯುತ್ತವೆ, ಜನ ಮಾತಾಡುತ್ತಾರೆ. ನಲವತ್ತು ಹೆಜ್ಜೆ ಕಳೆದ ಮೇಲೆ ಸೇತುವೆಯೊಂದರ ಮೇಲೆ ಸುಮ್ಮನೆ ಬಿದ್ದು ಸಾಯುತ್ತೀರಿ. ತಪ್ಪು ಎಲ್ಲಾಯಿತು ಎಂದು ತಿಳಿಯದೆ ನಾವು ಆರು ಸಲ ಸತ್ತೆವು. ಏಳನೆಯ ಸಲ ನಾನು ಕಂಡುಹಿಡಿದೆ. ಎರಡು ಔಷಧಿ ನಿನ್ನ ಹೊಟ್ಟೆಯಲ್ಲಿ ಜಗಳಾಡಿದವು ಎಂದು ಪರದೆಯ ಮೇಲೆ ಬರುತ್ತಿದ್ದ ಕೊನೆಯ ವಾಕ್ಯದ ಅರ್ಥ ನನಗೆ ಅವತ್ತು ಹೊಳೆಯಿತು. ನನ್ನ ಜಂಬ ಏನು ಹೇಳುತ್ತೀರಿ, ಅದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

ಆ ವರ್ಷ ಬೀದರದಲ್ಲಿ ಮಳೆ ಬಿಡುವು ಕೊಡಲಿಲ್ಲ. ಓಣಿಯ ಕೆಂಪು ಮಣ್ಣು ಮೊಳಕಾಲಿನವರೆಗೆ ಸಿಡಿಯುತ್ತಿತ್ತು, ಕೋಟೆಯ ಗೋಡೆ ಹಸಿರಾಗಿತ್ತು, ನಮ್ಮ ಕೋಣೆಯಲ್ಲಿ ಒಗೆದ ಅಂಗಿ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಪಂಚಮಿಗೆ ಇಬ್ಬರೂ ಊರಿಗೆ ಹೋದೆವು. ತಿರುಗಿ ಬರುವಾಗ ಮಾಳಪ್ಪ ಬಲಗೈಯ ತೋರುಬೆರಳಿಗೆ ಅರಿವೆ ಸುತ್ತಿಕೊಂಡು ಬಂದ. ಕುರಿಹಟ್ಟಿಯ ನಾಯಿಮರಿಯೊಂದು ಎರಡು ದಿನದಿಂದ ಹಾಲು ಕುಡಿದಿರಲಿಲ್ಲ, ಬಾಯಿ ತೆರೆದುಕೊಂಡು ಜೊಲ್ಲು ಸುರಿಸುತ್ತ ಬಿದ್ದಿತ್ತು. ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ ಎಂದು ಇವನು ಬಾಯೊಳಗೆ ಬೆರಳು ಹಾಕಿ ತಡಕಾಡಿದ್ದ. ಕುರಿ, ನಾಯಿ ಯಾವುದಕ್ಕಾದರೂ ಗಂಟಲು ಕಟ್ಟಿದರೆ ಅವರ ಮನೆಯಲ್ಲಿ ಮಾಡುವುದು ಹಾಗೆಯೇ. ಎಲುಬು ಸಿಗಲಿಲ್ಲ, ಹಲ್ಲು ತಾಗಿತು. ಅದನ್ನು ನಾಯಿ ಕಡಿತ ಎಂದು ಮನೆಯಲ್ಲಿ ಯಾರೂ ಕರೆಯಲಿಲ್ಲ. ನಾಯಿ ಕಡಿತವೆಂದರೆ ಬೀದಿಯ ನಾಯಿ ಅಟ್ಟಿಸಿಕೊಂಡು ಬಂದು ಕಚ್ಚುವುದು. ಇದು ತಮ್ಮದೇ ಮರಿ, ಕೈಯಾರೆ ಹಾಲು ಕುಡಿಸಿದ್ದು.

ಖಾದರ್ ಭಾಯಿಗೆ ಈ ಮಾತು ಸರಿಬೀಳಲಿಲ್ಲ. ಅರಿವೆ ಬಿಚ್ಚಿಸಿ ನೋಡಿ, ಮೆಟ್ಟಿಲು ಹತ್ತಿದವರನ್ನು ಹಾಗೆಯೇ ಇಳಿಸಿ ದವಾಖಾನೆಗೆ ಓಡಿಸಿದ. ಅಲ್ಲಿ ಗಾಯವನ್ನು ಸಾಬೂನು ಹಚ್ಚಿ ತೊಳೆದರು, ಸೂಜಿ ಹಾಕಿದರು, ಮುಂದಿನ ಸೂಜಿಗಳ ದಿನ ಬರೆದ ಚೀಟಿ ಕೊಟ್ಟರು. ಒಟ್ಟು ಐದು. ಒಂದನ್ನೂ ತಪ್ಪಿಸಬಾರದು ಎಂದು ನರ್ಸಮ್ಮ ಎರಡು ಸಲ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಮೂರು ದಿನಕ್ಕೆ ಎರಡನೆಯದೂ ಆಯಿತು.

ಅಷ್ಟರಲ್ಲಿ ಎಕಂಬಾದಲ್ಲಿ ಮರಿ ಸತ್ತುಹೋಯಿತು. ನಾಗವ್ವನ ಎದೆ ಒಡೆದುಹೋಯಿತು. ಬಸ್ಸು ಹತ್ತಿ ಬೀದರಕ್ಕೆ ಬಂದು ಮಗನನ್ನು ಕರೆದುಕೊಂಡು ಹೋದಳು. ಚಿಂತಾಕಿಯ ಆಚೆ, ಗಡಿಯ ಹತ್ತಿರದ ಹಳ್ಳಿಯೊಂದರಲ್ಲಿ ನಾಯಿ ಕಡಿತಕ್ಕೆ ಸೊಪ್ಪಿನ ರಸ ಕೊಡುವ ಅಜ್ಜನಿದ್ದ, ಆ ಭಾಗದವರೆಲ್ಲ ಹೋಗುವುದು ಅವನ ಹತ್ತಿರವೇ. ಆ ರಸ ಕೊಡುವಾಗ ಹೆಂಗಸರು ಹತ್ತಿರ ನಿಲ್ಲಬಾರದು ಎಂಬ ಕಟ್ಟಳೆ. ನಾಗವ್ವ ದೂರದ ಬೇವಿನ ಮರದ ಕೆಳಗೆ ನಿಂತಿದ್ದಳು. ರಸ ಕುಡಿಸಿದ ಮೇಲೆ ಅಜ್ಜ ಮಾಳಪ್ಪನೊಬ್ಬನಿಗೇ ಹೇಳಿದ, ಇನ್ನು ಮುಂದೆ ಸೂಜಿ ಮಾಡಿಸಬೇಡ, ಎರಡೂ ಕೂಡಿದರೆ ಮೈಯೊಳಗೆ ಕುದಿಯುತ್ತವೆ ಎಂದು. ಆ ಮಾತು ತಾಯಿಯ ಕಿವಿಗೆ ಬೀಳಲಿಲ್ಲ. ದಾರಿಯಲ್ಲಿ ಮಗ ಹೇಳಿದಾಗ ಆಕೆ, ಅಜ್ಜನದು ಅಜ್ಜನಿಗಿರಲಿ, ನೀನು ದವಾಖಾನೆಯದನ್ನೂ ಬಿಡಬೇಡ, ಎರಡೂ ಮಾಡಿಸಿಕೋ ಎಂದಳು. ಓದದ ಹೆಂಗಸು, ಆದರೆ ಅಜ್ಜನ ಮಾತು ಕೇಳಿದವರಲ್ಲಿ ಸರಿಯಾದ ಮಾತು ಹೇಳಿದವಳು ಆಕೆಯೊಬ್ಬಳೇ. ಇದನ್ನು ನನಗೆ ಹೇಳಿದವನು ಮಾಳಪ್ಪ, ಬೇರೆ ಯಾರೂ ಸಾಕ್ಷಿ ಇಲ್ಲ.

ಮೂರನೆಯ ಸೂಜಿಯ ದಿನ ಮಧ್ಯಾಹ್ನ ನಾವು ಸೆಂಟರಿನಲ್ಲಿದ್ದೆವು. ಮಳೆ ಕಿಟಕಿಯ ಗಾಜಿಗೆ ಹೊಡೆಯುತ್ತಿತ್ತು. ಮೂರನೆಯ ಭಾಗದ ಕೊನೆಯ ಬಾಗಿಲಿನ ಹತ್ತಿರ ಬಂದುಬಿಟ್ಟಿದ್ದೆವು, ಇನ್ನೊಂದು ತಾಸು ಕೂತರೆ ಮುಗಿಯುತ್ತಿತ್ತು. ದವಾಖಾನೆಯ ಬಾಗಿಲು ಹಾಕಲಿಕ್ಕೂ ಇನ್ನೊಂದೇ ತಾಸು ಇತ್ತು. ಮಾಳಪ್ಪ ಜೇಬಿನಿಂದ ಚೀಟಿ ತೆಗೆದು ನೋಡಿದ.

"ಅವ್ವ ಎರಡೂ ಮಾಡ್ಸಕೊ ಅಂದಾಳ. ಅಜ್ಜ ಎರಡೂ ಕೂಡಬಾರದು ಅಂದಾನ," ಅಂದ. "ನೀ ಓದಿದವರ ಮನಿಯಾವ. ನೀ ಹೇಳು, ಹೋಗ್ಲೋ ಬ್ಯಾಡೋ?"

ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. "ಎರಡೂ ಕುಡದ್ರ ಏನಾಗ್ತದ ಅಂತ ಆರು ಸಲ ನೋಡೀವಿ," ಅಂದೆ. "ಒಂದು ತಗೊಂಡಿ, ಸಾಕು. ಹೋಗಬ್ಯಾಡ."

ಅವನು ನಕ್ಕ. ಅದೂ ಖರೇನೇ ಎಂದು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ, ಕುರ್ಚಿ ಹತ್ತಿರ ಎಳೆದುಕೊಂಡ. ನಾವು ಅವತ್ತು ಮೂರನೆಯ ಭಾಗವನ್ನು ಮುಗಿಸಿದೆವು.

ಆ ಮಾತು ತಮಾಷೆಗೆ ಅಂದದ್ದೋ ನಂಬಿ ಅಂದದ್ದೋ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅರ್ಧ ತಮಾಷೆ. ಇನ್ನರ್ಧ ನಂಬಿಕೆಯೇ, ಯಾಕೆಂದರೆ ಅಜ್ಜ ಹೇಳಿದ್ದು ಆಟ ಹೇಳಿದ್ದಕ್ಕೆ ಅಚ್ಚೊತ್ತಿದ ಹಾಗೆ ಹೊಂದಿಕೊಂಡಿತ್ತು. ಊರಿನ ಅಜ್ಜನೊಬ್ಬನೇ ಹೇಳಿದ್ದರೆ ನಾನು ನಕ್ಕು, ಇವನ ಕುತ್ತಿಗೆ ಹಿಡಿದು ದವಾಖಾನೆಗೆ ಎಳೆದೊಯ್ಯುತ್ತಿದ್ದೆ. ನಮ್ಮಪ್ಪನ ಮಗ ನಾನು. ಆದರೆ ಕಂಪ್ಯೂಟರೂ ಅದನ್ನೇ ಹೇಳಿತ್ತಲ್ಲ, ಅದೂ ಇಂಗ್ಲಿಷಿನಲ್ಲಿ. ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ: ನನಗೆ ಅವತ್ತೇ ಆಟ ಮುಗಿಸಬೇಕಿತ್ತು, ಎದ್ದು ಹೋಗುವುದು ಬೇಕಿರಲಿಲ್ಲ. ಮುಂದಿನ ಭಾನುವಾರ ಚಿಂತಾಕಿಗೆ ಹೋದಾಗ ಅಪ್ಪನ ಮುಂದೆ ಈ ಸುದ್ದಿ ಎತ್ತಲಿಲ್ಲ. ಎತ್ತಿದರೆ ಕಪಾಳಕ್ಕೆ ಬೀಳುತ್ತದೆ ಎಂದು ಗೊತ್ತಿತ್ತು. ಅಂದರೆ ತಪ್ಪು ಎಂದು ಗೊತ್ತಿತ್ತು.

ಗಾಯ ಮಾಯಿತು. ನಾ ಹೇಳಿದ್ದೇ ಸರಿಯಾಯಿತು ನೋಡು ಎಂದು ನಾನು ಎದೆಯುಬ್ಬಿಸಿಕೊಂಡು ತಿರುಗಿದೆ. ನಾಲ್ಕನೆಯ ಭಾಗ ಹಿಡಿದೆವು. ಊರಲ್ಲಿ ಹೆಸರು, ಉದ್ದು ಕಿತ್ತು ಮುಗಿದಿತ್ತು, ತೊಗರಿ ಹೂವಿಗೆ ಬರುತ್ತಿತ್ತು, ಮಳೆ ಒಂದು ದಿನ ಬಂದರೆ ಎರಡು ದಿನ ಇಲ್ಲ. ದಸರೆಗೆ ಇನ್ನು ವಾರ ಇರುವಾಗ ಮಾಳಪ್ಪ ಕೀಲಿಮಣೆಯ ಮೇಲೆ ಬಲಗೈ ಇಡಲಾರದೆ ಕೊಡವತೊಡಗಿದ. ಬೆರಳಿನಿಂದ ಮೊಳಕೈವರೆಗೆ ಇರುವೆ ಹರಿದ ಹಾಗೆ ಆಗುತ್ತದೆ ಅಂದ. ಹೆಚ್ಚು ಟೈಪ್ ಮಾಡುತ್ತೀಯ, ಅದಕ್ಕೇ ಎಂದೆ. ಮರುದಿನ ಜ್ವರ. ಅದರ ಮರುದಿನ ಸೆಂಟರಿಗೆ ಬಂದವನು ಫ್ಯಾನ್ ಬಂದ್ ಮಾಡು ಎಂದು ಹಟ ಹಿಡಿದ. ಗಾಳಿ ಮುಖಕ್ಕೆ ತಾಗಿದರೆ ಗಂಟಲು ಹಿಡಿದುಕೊಳ್ಳುತ್ತಿದ್ದ. ಖಾದರ್ ಭಾಯಿ ಚಹಾ ತರಿಸಿ ಅವನ ಕೈಗೆ ಕೊಟ್ಟ. ಗ್ಲಾಸು ತುಟಿಯ ಹತ್ತಿರ ಹೋಗುತ್ತಿದ್ದ ಹಾಗೆಯೇ ಮಾಳಪ್ಪನ ಕುತ್ತಿಗೆಯ ನರಗಳೆಲ್ಲ ಸೆಟೆದು ನಿಂತವು, ಚಹಾ ಪೂರ್ತಿ ಕೀಲಿಮಣೆಯ ಮೇಲೆ ಚೆಲ್ಲಿತು. ಖಾದರ್ ಭಾಯಿ ಯಂತ್ರದ ಕಡೆಗೆ ನೋಡಲಿಲ್ಲ. ಸೂಜಿ ಐದೂ ಆಗಿದ್ದವೇನು ಎಂದು ನನ್ನನ್ನು ಕೇಳಿದ. ನಾನು ಎರಡು ಎಂದು ಬೆರಳು ತೋರಿಸಿದೆ. ಅವನು ಮೆಟ್ಟಿಲು ಇಳಿದು ಹೋಗಿ ತಾನೇ ಆಟೋ ತಂದ.

ದವಾಖಾನೆಯಲ್ಲಿ ಅವನನ್ನು ಬೆಳಕಿಲ್ಲದ ಒಂದು ಕೋಣೆಯಲ್ಲಿ ಮಲಗಿಸಿದರು. ಸಂಜೆಯ ಹೊತ್ತಿಗೆ ಎಕಂಬಾದಿಂದ ನಾಗವ್ವನೂ ತಂದೆ ಬೀರಪ್ಪನೂ ಬಂದರು. ಡಾಕ್ಟರು ವರಾಂಡದಲ್ಲಿ ನಿಂತು, ಇದು ಹುಚ್ಚುನಾಯಿ ರೋಗ, ಒಮ್ಮೆ ಕಾಣಿಸಿಕೊಂಡ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ ಎಂದು ಮೆತ್ತಗೆ ಹೇಳಿದರು. ಆಮೇಲೆ, ಎರಡೇ ಸೂಜಿಗೆ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ನಾವು ನಾಲ್ಕು ಜನ ಸಾಲಾಗಿ ನಿಂತಿದ್ದೆವು: ಬೀರಪ್ಪ, ನಾಗವ್ವ, ಆಕೆಯ ಮಗ್ಗುಲಿಗೆ ನಾನು, ಕೊನೆಗೆ ಖಾದರ್ ಭಾಯಿ.

ನಾಗವ್ವ ಬಾಯಿ ಬಿಟ್ಟಳು. "ನಾ ರಸ ಕುಡಿಸ್ಲಿಕ್ಕ ಕರ್ಕೊಂಡ ಹೋಗಿದ್ದೆ ರಿ ಸಾಹೇಬರ. ಸೂಜಿನೂ ಹಾಕ್ಸಕೊ ಅಂದಿದ್ದೆ ರಿ."

ಬೀರಪ್ಪ ಹೆಂಡತಿಯ ಮುಖ ನೋಡಿದ. "ರಸ ಕುಡಿಸಿ ಕೊಂದಿ," ಅಂದ. "ಈಗ ಸುಳ್ಳ ಹೇಳ್ತಿ."

ಆಕೆ ನನ್ನ ಕಡೆಗೆ ತಿರುಗಿದಳು. ಮಗನ ಜೊತೆ ಒಂದೇ ಕೋಣೆಯಲ್ಲಿ ಇರುವವನಿಗೆ ಏನಾದರೂ ಗೊತ್ತಿದ್ದೀತು ಎಂಬ ಆಸೆ ಆ ಮುಖದಲ್ಲಿತ್ತು. ನಾನು ನೆಲ ನೋಡಿದೆ. ಹೌದು, ಆಕೆ ಹಾಗೆ ಹೇಳಿದ್ದಳು, ಅವನು ನನಗೆ ಹೇಳಿದ್ದಾನೆ, ಬೇಡ ಅಂದವನು ನಾನು ಎಂದರೆ ಮುಗಿಯುತ್ತಿತ್ತು. ಮೂರು ಮಾತು. ನನಗೆ ಆಗ ಹತ್ತೊಂಬತ್ತು ವರ್ಷ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮಾಳಪ್ಪನಿಗೂ ಹತ್ತೊಂಬತ್ತೇ.

ಮೂರನೆಯ ದಿನ ಮುಂಜಾನೆ ಅವನು ಹೋದ. ಅದಕ್ಕೂ ಮೊದಲು ನಡುನಡುವೆ ಎಚ್ಚರವಿದ್ದಾಗ ಎಲ್ಲರ ಗುರುತು ಹಿಡಿಯುತ್ತಿದ್ದ. ನಾನು ಬಾಗಿಲಿನಲ್ಲಿ ನಿಂತಿರುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಎಲ್ಲಿ ತಂದೆಯ ಮುಂದೆ ಆ ಮಧ್ಯಾಹ್ನದ ಮಾತು ಆಡಿಬಿಡುತ್ತಾನೋ ಎಂದು ಹೆದರಿದ್ದೆ. ಸಾಯುತ್ತಿರುವ ಗೆಳೆಯನ ಬಗ್ಗೆ ನನಗಿದ್ದ ಭಯ ಅದು, ಬರೆಯಲಿಕ್ಕೂ ನಾಚಿಕೆಯಾಗುತ್ತದೆ. ಅವನು ಯಾರ ಹೆಸರನ್ನೂ ಹೇಳಲಿಲ್ಲ. ಎಕಂಬಾದಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ಮಣ್ಣು ಹಾಕಿ ಕೈ ತೊಳೆದುಕೊಂಡು ನಾನು ಸಂಜೆಯ ಬಸ್ಸಿಗೆ ಬೀದರಕ್ಕೆ ಬಂದೆ. ತಿಂಗಳೊಳಗೆ ನಾಲ್ಕನೆಯ ಭಾಗವನ್ನೂ ಐದನೆಯ ಭಾಗವನ್ನೂ ಒಬ್ಬನೇ ಕೂತು ಮುಗಿಸಿದೆ. ಮಧ್ಯಾಹ್ನಗಳನ್ನು ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಖಾದರ್ ಭಾಯಿ ನನ್ನನ್ನು ತಡೆಯಲೂ ಇಲ್ಲ, ಮಾತಾಡಿಸಲೂ ಇಲ್ಲ.

ಅಂದಿನಿಂದ ಯಾರೇ ಕೇಳಿದರೂ ಎರಡನೆಯ ಭಾಗ ಇಷ್ಟ ಎಂದು ಹೇಳುತ್ತ ಬಂದಿದ್ದೆ. ಗುಂಪಿನಲ್ಲಿ ಕಾರಣವನ್ನೂ ಬರೆಯಬೇಕಿತ್ತು, ಅದಕ್ಕೇ ಮತ ಹಾಕಿರಲಿಲ್ಲ. ಸತ್ತ ಗೆಳೆಯನ ಪರವಾಗಿ ಮಾತಾಡುತ್ತಿದ್ದೇನೆ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು. ಭಾಲ್ಕಿಯಲ್ಲಿ ಗುಜರಿಯ ಮಾನಿಟರ್ ಮುಂದೆ ಕೂತ ದಿನ ಆ ಹೆಮ್ಮೆ ಹೇಸಿಗೆ ಹುಟ್ಟಿಸಿತು. ಎರಡನೆಯದನ್ನು ನಾನು ಅವನ ಮುಂದೆಯೇ ಅಂಗನವಾಡಿಯ ಆಟ ಎಂದವನು. ನನಗೆ ಮೂರನೆಯದೇ ಇಷ್ಟ, ಈಗಲೂ. ಇಷ್ಟೆಲ್ಲ ಆದ ಮೇಲೂ ಐದರಲ್ಲಿ ಅದರಷ್ಟು ಬಿಗಿಯಾಗಿ ಕಟ್ಟಿದ್ದು ಇನ್ನೊಂದಿಲ್ಲ ಎಂದು ನನ್ನ ತಲೆ ಹೇಳುತ್ತದೆ. ಆ ತಲೆಯ ಮೇಲೆಯೇ ನನಗೆ ಸಿಟ್ಟು. ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಮೂರನೆಯದಕ್ಕೆ ಮತ ಹಾಕಿದೆ. ಕಾರಣ ಬರೆಯಿರಿ ಸರ್ ಎಂದು ಮೈಸೂರಿನವರು ತಕ್ಷಣ ಕೇಳಿದರು. ಬರೆಯಲು ಕೂತೆ. ಒಂದು ಸಾಲು ಬರೆದು ಅಳಿಸಿದೆ, ಇನ್ನೊಂದು ಬರೆದು ಅಳಿಸಿದೆ. ಈ ಕಾರಣವನ್ನು ಮೊದಲು ಕೇಳಬೇಕಾದವಳು ಬೇರೆ ಇದ್ದಾಳೆ ಎಂದು ಮೊಬೈಲು ಜೇಬಿಗೆ ಹಾಕಿಕೊಂಡು, ರಜೆ ಚೀಟಿ ಬರೆದಿಟ್ಟು ಔರಾದ ಬಸ್ಸು ಹತ್ತಿದೆ. ಔರಾದದಿಂದ ಎಕಂಬಾಕ್ಕೆ ಟಂಟಂ ಆಟೋ.

ನಾಗವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಹೆಸರುಕಾಯಿ ಬಿಡಿಸುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದು, ಚಿಂತಾಕಿ ಮಾಸ್ತರ ಮಗ ಅಲ್ಲೇನು, ಕೂಡು ಬಾ ಎಂದಳು. ನಾನು ಕೂಡಲಿಲ್ಲ. ಕೂತರೆ ನೀರು ಕೊಡುತ್ತಾಳೆ, ನೀರು ಕುಡಿದರೆ ಹೇಳಲಾಗುವುದಿಲ್ಲ ಎಂದು ನಿಂತುಕೊಂಡೇ ಶುರು ಮಾಡಿದೆ. ಆಟದ ಮಾತು ಹೇಗೆ ಹೇಳಲಿ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆ. ಅದು ಬೇಕಾಗಲೇ ಇಲ್ಲ.

"ಅವ್ವಾ, ಅವತ್ತು ಸೂಜಿಗಿ ಹೋಗ್ಲೋ ಬ್ಯಾಡೋ ಅಂತ ಮಾಳು ನನಗ ಕೇಳಿದ್ದ ರಿ. ನೀವು ಎರಡೂ ಮಾಡ್ಸಕೊ ಅಂದಿದ್ರಿ ಅಂತನೂ ಅವನೇ ಹೇಳಿದ್ದ. ಹೋಗಬ್ಯಾಡ ಅಂದಾವ ನಾನು ರಿ. ನಿಮ್ಮದೇನೂ ತಪ್ಪಿಲ್ಲ ರಿ."

ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಹಿಡಿಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅಳುವಿಗೂ ತಯಾರಾಗಿದ್ದೆ. ಯಾವುದೂ ಬರಲಿಲ್ಲ.

"ನಾ ಹಂಗ ಅಂದಿದ್ದೆ ಅಂತ ಅವ ನಿನ್ನ ಮುಂದ ಹೇಳಿದ್ನಾ?" ಎಂದು ಕೇಳಿದಳು.

ಹೌದ್ರಿ ಎಂದೆ.

ಆಮೇಲೆ ಆಕೆ ಹೇಳಿದ್ದನ್ನು ನಾನು ನಿಂತೇ ಕೇಳಿದೆ. ದವಾಖಾನೆಯಿಂದ ಬಂದ ದಿನದಿಂದ ಬೀರಪ್ಪ ಹೆಂಡತಿಯ ಕೈಯ ಅನ್ನ ಮುಟ್ಟಲಿಲ್ಲವಂತೆ. ಒಂದೇ ಮನೆ, ಒಂದೇ ಒಲೆ. ಆಕೆ ಅಡುಗೆ ಮಾಡಿ ಎದ್ದ ಮೇಲೆ ಅವನು ಬಂದು ಕೂತು ತಾನೇ ರೊಟ್ಟಿ ಬಡಿದುಕೊಂಡು ತಿನ್ನುತ್ತಿದ್ದ. ರೊಟ್ಟಿ ಸುಡಲು ಬಾರದೆ ಕೈ ಸುಟ್ಟುಕೊಂಡ, ಜ್ವರ ಬಂದಾಗ ಹಸಿದು ಮಲಗಿದ, ಆಕೆ ಕೊಟ್ಟ ನೀರನ್ನೂ ಕುಡಿಯಲಿಲ್ಲ. ಹಿರಿಯರು ಬಂದು ಬುದ್ಧಿ ಹೇಳಿದರೆ, ಮಗನಿಗೆ ಕುಡಿಸಿದ್ದು ಸಾಕು ಎಂದು ಬಿಡುತ್ತಿದ್ದ. ಎರಡೂ ಮಾಡಿಸಿಕೋ ಎಂದೇ ಮಗನಿಗೆ ಹೇಳಿದ್ದೆ ಎಂದು ಆಕೆ ದೇವರ ಆಣೆ ಮಾಡಿದಳು, ಮಗನ ಗೋರಿ ಮುಟ್ಟಿ ಹೇಳಿದಳು, ಅವನು ನಂಬಲಿಲ್ಲ. ಓಣಿಯ ಹೆಂಗಸರು ತಮ್ಮ ಮಕ್ಕಳ ಕೈಗೆ ಈಕೆ ಏನಾದರೂ ತಿನ್ನಲಿಕ್ಕೆ ಕೊಟ್ಟರೆ ಕಸಿದುಕೊಳ್ಳುತ್ತಿದ್ದರಂತೆ. ಹದಿನಾರು ವರ್ಷ ಹೀಗೆ ನಡೆದು, ಹೋದ ಕಾರ್ತೀಕದಲ್ಲಿ ಬೀರಪ್ಪ ತೀರಿಕೊಂಡ. ಕೊನೆಯ ದಿನ ಬಾಯಿಗೆ ನೀರು ಬಿಡಲು ಹೋದರೆ ಮುಖ ತಿರುಗಿಸಿದ.

ಇದನ್ನೆಲ್ಲ ಆಕೆ ದನಿ ಏರಿಸದೆ, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಮುಗಿಸಿ ನನ್ನನ್ನು ದಿಟ್ಟಿಸಿ ನೋಡಿದಳು.

"ದವಾಖಾನ್ಯಾಗ ನೀ ನನ್ನ ಮಗ್ಗಲದಾಗೇ ನಿಂತಿದ್ದಿ. ಅಲ್ಲೇ ಒಂದ ಮಾತು ಅಂದಿದ್ರ ಆಗ್ತಿತ್ತು. ಹೋಗ್ಲಿ, ಆಗ ಸಣ್ಣಾವ ಇದ್ದಿ. ಹ್ವಾದ ವರ್ಷ ಬಂದಿದ್ರೂ ಆಗ್ತಿತ್ತಲ್ಲೋ ತಮ್ಮಾ."

ತಪ್ಪಾಯಿತು ಎಂದೆ, ಆ ಮಾತು ನನಗೇ ಕಸದ ಹಾಗೆ ಕೇಳಿಸಿತು. ಆಕೆ ಮೊರ ಪಕ್ಕಕ್ಕಿಟ್ಟು, ಗೋಡೆಗೆ ಆನಿಸಿದ್ದ ಕೋಲು ಹಿಡಿದು ಎದ್ದಳು. ನಡಿ ಎಂದಳು. ನಾನು ಹಿಂದೆ ಹೋದೆ. ಹೊಲ ದೂರವಿರಲಿಲ್ಲ. ತೊಗರಿ ಮೊಳಕಾಲೆತ್ತರ ಬಂದಿತ್ತು, ಸಾಲುಗಳ ನಡುವೆ ಮಳೆಯ ನೀರು ನಿಂತಿತ್ತು. ಬದುವಿನ ಪಕ್ಕದಲ್ಲಿ ಎರಡು ಗೋರಿ, ಒಂದರ ಮೇಲೆ ಹುಲ್ಲು ಹಬ್ಬಿತ್ತು, ಇನ್ನೊಂದರ ಮಣ್ಣು ಇನ್ನೂ ಕುಸಿದು ಸಮನಾಗಿರಲಿಲ್ಲ. ನಾನು ಹುಲ್ಲಿನ ಗೋರಿಯ ಕಡೆಗೆ ಹೆಜ್ಜೆ ಇಟ್ಟೆ. ನಾಗವ್ವ ಕೋಲು ಅಡ್ಡ ಹಿಡಿದಳು.

"ಅವಗೇನ ಹೇಳ್ತಿ, ಅವಗ ಗೊತ್ತದ," ಅಂದಳು. ಕೋಲಿನಿಂದ ಇನ್ನೊಂದನ್ನು ತೋರಿಸಿದಳು. "ಆತಗ ಹೇಳು. ಕಡೀಕ್ಕ ಕಿವಿ ಮಂದ ಆಗಿದ್ವು, ಜೋರಾಗಿ ಹೇಳು."

ಆಕೆ ಹತ್ತು ಮಾರು ದೂರ ಹೋಗಿ ಬದುವಿನ ಮೇಲೆ ನಿಂತಳು. ನಾನು ಚಪ್ಪಲಿ ಬಿಟ್ಟು ಬೀರಪ್ಪನ ತಲೆಯ ಕಡೆಗೆ ನಿಂತೆ. ತರಗತಿಯಲ್ಲಿ ಎಂಬತ್ತು ಹುಡುಗರನ್ನು ಮೈಕು ಇಲ್ಲದೆ ಹೆದರಿಸುವ ಗಂಟಲು ನನ್ನದು. ಕಾಕಾ, ಎರಡೂ ಮಾಡಿಸಿಕೋ ಅಂತಲೇ ಕಾಕಿ ಹೇಳಿದ್ದಳು, ಹೋಗಬೇಡ ಅಂದವನು ನಾನು ಎಂದೆ. ಅದು ತುಟಿಯಾಚೆ ದಾಟಲಿಲ್ಲ.

"ನನಗೇ ಕೇಳ್ಸಲಿಲ್ಲ," ಎಂದಳು ನಾಗವ್ವ.

ಮತ್ತೊಮ್ಮೆ ಹೇಳಿದೆ. ಈ ಸಲ ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಓಣಿಯ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆಗೆ ತಿರುಗಿ ನೋಡಿದರು. ನಾಗವ್ವ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಆಮೇಲೆ ನನ್ನಿಂದ ಇನ್ನೂ ಒಂದು ಸಲ ಹೇಳಿಸಿದಳು.